ಟಾಂಪೆರೆಯಲ್ಲಿ ಒಂದು ಮಗ್ಗದ ಮನೆ

ಜೂನ್ 2, ಸೋಮವಾರ. ಬಸ್ ಸ್ಟಾಪು

ಫಿನ್‌ಲೆಂಡಿನ ಟಾಂಪೆರೆ ಊರಿನಲ್ಲಿ ಬಸ್ಸಿಗೆ ಕಾಯುವ ಇಬ್ಬರ ನಡುವೆ ನಮ್ಮ ಕಡೆಯ ಒಂದು ಎಮ್ಮೆಯನ್ನು ಆರಾಮಾಗಿ ಕಟ್ಟಬಹುದು. ಅಷ್ಟು ದೂರ ನಿಲ್ಲುತ್ತಾರೆ. ಮಳೆ ಹನಿಯುತ್ತಿದ್ದರೂ ಅಷ್ಟೆ. ತಂಗುದಾಣದೊಳಗೆ ಒಬ್ಬ ನಿಂತಿದ್ದರೆ ಎರಡನೆಯವನು ಹೊರಗೆ ನೆನೆಯುತ್ತಾ ಕಾಯುತ್ತಾನೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಬೆಳೆದ ನಾನು ಇದನ್ನು ಬೆರಗಿನಿಂದ ನೋಡುತ್ತಿದ್ದೆ. ದೊಡ್ಡಮ್ಮ ನೋಡುತ್ತಾ ನಿಲ್ಲಲಿಲ್ಲ. ಸೀದಾ ಹೋಗಿ, ಬೆಂಚಿನ ಮೇಲಿದ್ದ ಒಬ್ಬ ವಯಸ್ಸಾದವರ ಪಕ್ಕ ಭುಜಕ್ಕೆ ಭುಜ ತಾಗಿಸಿ ಕುಳಿತಳು. ಆತ ಮೆಲ್ಲಗೆ ಎದ್ದು, ನಕ್ಕು, ಒಂದು ಎಮ್ಮೆ ದೂರಕ್ಕೆ ಹೋಗಿ ನಿಂತರು.

"ಯಾಕೇ, ನನ್ ಮೈ ನಾರ್ತಾ ಐತಾ?"

"ಇಲ್ಲ ದೊಡ್ಡಮ್ಮ, ಅದು ಇವರ ಮರ್ಯಾದೆ."

"ಚೆನ್ನಾಗೈತೆ ಮರ್ಯಾದೆ. ನಮ್ಮೂರಲ್ಲಿ ಮಾತು ಬಿಟ್ಟಿರೋ ಓರಗಿತ್ತೀರೂ ಇದಕ್ಕಿಂತ ಹತ್ರ ಕೂತ್ಕೋತಾರೆ."

ಇಷ್ಟು ದೂರ ಬಂದದ್ದು ಯಾಕೆಂದು ಹೇಳಿಬಿಡುತ್ತೇನೆ. ನನ್ನ ಹೆಸರು ಚೈತ್ರ; ದೊಡ್ಡಬಳ್ಳಾಪುರದ ಒಂದು ಆಪ್ತ ಸಮಾಲೋಚನೆ ಕೇಂದ್ರದಲ್ಲಿ ಕೆಲಸ. ಭಯ, ದುಃಖ, ಆತಂಕದಲ್ಲಿರುವವರಿಗೆ ವಿಆರ್ ಮತ್ತು ಎಐ ಎರಡನ್ನೂ ಸೇರಿಸಿ ಹೇಗೆ ನೆರವಾಗಬಹುದೆಂದು ಟಾಂಪೆರೆಯ ಒಂದು ಸಣ್ಣ ತಂಡ ಪ್ರಯತ್ನಿಸುತ್ತಿದೆ. ದಪ್ಪ ಕನ್ನಡಕದಂಥ ಒಂದು ಯಂತ್ರವನ್ನು ಕಣ್ಣು ಕಿವಿ ಮುಚ್ಚುವಂತೆ ಹಾಕಿಕೊಂಡರೆ ಇನ್ನೊಂದು ಜಾಗದಲ್ಲಿ ನಿಂತ ಹಾಗಾಗುತ್ತದೆ. ಆ ಜಾಗ ಹೀಗಿರಲಿ, ಹಾಗಿರಲಿ ಎಂದು ನಾವು ಬಾಯಲ್ಲಿ ಹೇಳಿದ್ದನ್ನು ಎಐ ಚಿತ್ರಿಸಿಕೊಡುತ್ತದೆ. ಜೊತೆಗೆ ಮಾತೂ ಆಡುತ್ತದೆ. ಕನ್ನಡದವರಿಗೆ ಇದು ಒಗ್ಗುತ್ತದೆಯೇ ನೋಡಬೇಕೆಂದು ನನ್ನನ್ನು ಕರೆದರು. ಯಾವುದಾದರೂ ಒಂದು ಜಾಗಕ್ಕೆ ಕಾಲಿಡಲು ಹೆದರುವ ಒಬ್ಬರನ್ನು ಜೊತೆಗೆ ಕರೆತನ್ನಿ ಎಂದರು.

ದೊಡ್ಡಮ್ಮನ ಹೆಸರು ಪುಟ್ಟಲಕ್ಷ್ಮಿ; ನನ್ನ ಅಮ್ಮನ ಅಕ್ಕ. ಅವಳು ಹೆದರುತ್ತಿದ್ದದ್ದು ತನ್ನದೇ ಮಗ್ಗದ ಮನೆಗೆ. ನಾಲ್ಕು ಕರೆಂಟಿನ ಮಗ್ಗಗಳು. ದೊಡ್ಡಪ್ಪನೂ ಅವಳೂ ಸೇರಿ ನಡೆಸುತ್ತಿದ್ದರು. ಹೋದ ಕಾರ್ತಿಕದಲ್ಲಿ ದೊಡ್ಡಪ್ಪ ಅಲ್ಲೇ ಕೆಲಸ ಮಾಡುತ್ತಾ ಕುಸಿದು ತೀರಿಕೊಂಡರು. ಅಂದು ಹಾಕಿದ ಬೀಗ. ಆಮೇಲೆ ಎಷ್ಟೋ ಸಲ ಬಾಗಿಲವರೆಗೆ ಹೋಗಿದ್ದಾಳೆ. ಎದೆ ಡವಗುಟ್ಟುತ್ತದೆ, ಅಂಗೈ ಒದ್ದೆಯಾಗುತ್ತದೆ, ತಿರುಗಿ ಬರುತ್ತಾಳೆ. ಮಗ್ಗ ಮಾರಿ ಜಾಗವನ್ನು ಬಾಡಿಗೆಗೆ ಬಿಡು ಎಂದು ಬಂಧುಗಳೆಲ್ಲರ ಸಲಹೆ. ಕೊಳ್ಳುವವರು ನಾವು ಮರಳಿದ ಮೇಲಿನ ಭಾನುವಾರ ಬರುವುದೆಂದು ಗೊತ್ತಾಗಿತ್ತು.

"ಬೇಡ ಅಂತ ಮಾರೋದು ಬೇರೆ, ಹೆದ್ರುಕೊಂಡು ಮಾರೋದು ಬೇರೆ," ಎಂದಿದ್ದಳು ದೊಡ್ಡಮ್ಮ. "ಒಂದ್ಸಲ ಒಳಗೆ ಹೋಗಿ ನಿಂತ್ಕೊಂಡ್ರೆ ನಂಗೇ ಗೊತ್ತಾಗತ್ತೆ ಯಾವ್ದು ಅಂತ."

ದಿನದ ಲೆಕ್ಕ: ತಾವಾಗಿ ನಮ್ಮನ್ನು ಮಾತಾಡಿಸಿದ ಅಪರಿಚಿತರು, ಸೊನ್ನೆ. ದೊಡ್ಡಮ್ಮ ಕನ್ನಡದಲ್ಲೇ ಮಾತಾಡಿಸಿದವರು, ಹನ್ನೊಂದು. ಅವರಲ್ಲಿ ಉತ್ತರ ಕೊಟ್ಟವರು ಇಬ್ಬರು, ಅದರಲ್ಲಿ ಒಂದು ನಾಯಿ.

ಜೂನ್ 3, ಮಂಗಳವಾರ. ಸರೋವರ

ಟಾಂಪೆರೆ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ನಡು ಊರಿನಲ್ಲಿ ಹೊಳೆಯೊಂದು ಧುಮುಕುತ್ತದೆ. ಅದರ ಎರಡೂ ದಡದಲ್ಲಿ ಕೆಂಪು ಇಟ್ಟಿಗೆಯ ಭಾರೀ ಕಟ್ಟಡಗಳು. ಈಗ ಅವುಗಳಲ್ಲಿ ಆಫೀಸು, ಹೋಟೆಲು, ಸಿನಿಮಾ. ನಾವು ಹೋಗಬೇಕಿದ್ದದ್ದೂ ಅಂಥದೇ ಒಂದು ಕಟ್ಟಡದ ಮೂರನೆಯ ಮಹಡಿಗೆ. ಇಲ್ಲಿ ಮೊದಲು ಮಗ್ಗಗಳಿದ್ದವಂತೆ ಎಂದು ನಾನು ಹೇಳಿದ್ದೇ ತಡ, ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಕಟ್ಟಡವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲೂ ಮಗ್ಗ ನಿಲ್ಸಿ ಬಾಡಿಗೆಗೆ ಬಿಟ್ಟವ್ರೆ ನೋಡು. ನಮ್ ನೆಂಟ್ರು ಇಲ್ಲಿಗೂ ಬಂದೋಗಿರ್ಬೇಕು."

ಬಾಗಿಲಲ್ಲೇ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಅದನ್ನು ಕಂಡು ಅವಳಿಗೆ ಅರ್ಧ ಧೈರ್ಯ ಬಂತು. ನಮ್ಮನ್ನು ಎದುರುಗೊಂಡದ್ದು ಐನೊ ಎಂಬ ನಲವತ್ತರ ಆಸುಪಾಸಿನ ಮನೋಚಿಕಿತ್ಸಕಿ. ಮಿತಭಾಷಿ. ನಾನು ಇಂಗ್ಲಿಷಿನಲ್ಲಿ ಏನಾದರೂ ಹೇಳಿದರೆ ಉಸಿರನ್ನು ಒಳಗೆಳೆದುಕೊಳ್ಳುತ್ತಾ "ಯೋ" ಎನ್ನುತ್ತಿದ್ದರು.

"ಪಾಪ, ಆಯಮ್ಮಂಗೆ ಉಬ್ಬಸ ಇರ್ಬೇಕು ಕಣೇ. ತುಳಸಿ ಕಷಾಯ ಕುಡಿಯೋಕೆ ಹೇಳು."

ಅದು ಉಬ್ಬಸವಲ್ಲ, ಇವರು "ಹೂಂ" ಎನ್ನುವ ರೀತಿಯೇ ಹಾಗೆಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಅಷ್ಟರಲ್ಲಿ ನಾನು ಕಷಾಯದ ವಿಧಾನವನ್ನು ಅನುವಾದಿಸಿ ಮುಗಿಸಿದ್ದೆ.

ಮೊದಲು ದೊಡ್ಡಮ್ಮನ ಬಗ್ಗೆ ಎಐಗೆ ನಾಲ್ಕು ಮಾತು ಹೇಳಬೇಕಿತ್ತು. ನಾನೇ ಹೇಳಿದೆ: ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬದುಕಿದವರು, ಗಂಡ ಈಚೆಗೆ ತೀರಿಕೊಂಡಿದ್ದಾರೆ, ಸರಿಯಾಗಿ ನಿದ್ದೆಯಿಲ್ಲ, ಮನಸ್ಸಿಗೆ ನೆಮ್ಮದಿ ಬೇಕು. ಅಷ್ಟು ಸದ್ದು ಕೇಳಿದವರಿಗೆ ಮೌನಕ್ಕಿಂತ ದೊಡ್ಡ ಸುಖವೇನಿದೆ ಎಂದು ಎಐ ಲೆಕ್ಕ ಹಾಕಿತು. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಅದು ಒಂದು ಸರೋವರವನ್ನು ಚಿತ್ರಿಸಿತು. ಸುತ್ತ ಭೂರ್ಜ ಮರಗಳು, ಗಾಜಿನಂಥ ನೀರು, ಎಲೆಯೂ ಅಲುಗದಂಥ ನಿಶ್ಶಬ್ದ. ಅವಳು ನೋಡುತ್ತಿದ್ದದ್ದು ಗೋಡೆಯ ಪರದೆಯ ಮೇಲೆ ನನಗೂ ಕಾಣುತ್ತಿತ್ತು. ಆಮೇಲೆ ಒಂದು ಗಂಡು ದನಿ: "ನಮಸ್ಕಾರ. ತಾವು ಈಗ ಪ್ರಶಾಂತವಾದ ಸ್ಥಳದಲ್ಲಿದ್ದೀರಿ. ತಮ್ಮ ಉಚ್ಛ್ವಾಸ ನಿಶ್ವಾಸಗಳನ್ನು ಅವಲೋಕಿಸಿ."

"ಯಾರೇ ಇವ್ನು, ಕನ್ನಡ ಮೇಷ್ಟ್ರಾ?" ಎಂದು ನಕ್ಕಳು ದೊಡ್ಡಮ್ಮ. ಆ ಹೆಸರೇ ಉಳಿಯಿತು.

ಮೇಷ್ಟ್ರು ಸುಮ್ಮನಾದರು. ನೀರು ಅಲುಗಲಿಲ್ಲ. ನಗುತ್ತಿದ್ದ ದೊಡ್ಡಮ್ಮನ ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕತೊಡಗಿದವು. ಉಸಿರು ಜೋರಾಯಿತು.

"ತೆಗಿಯೇ ಇದನ್ನ! ತೆಗಿ! ಯಾರೋ ಮೇನ್ ಆಫ್ ಮಾಡವ್ರೆ!"

ಐನೊ ಒಂದೇ ಹೆಜ್ಜೆಗೆ ಬಂದು ಕನ್ನಡಕ ತೆಗೆದರು. ದೊಡ್ಡಮ್ಮನ ಮುಖವೆಲ್ಲ ಬೆವರು. ಐನೊ ಅವಳ ಪಕ್ಕ ನೆಲದ ಮೇಲೆ ಕುಳಿತರು, ಎಮ್ಮೆಯಷ್ಟು ದೂರ ಬಿಡದೆ. ನಾನು ಕಿಟಕಿ ತೆರೆದೆ. ಹೊಳೆ ಧುಮುಕುವ ಸದ್ದು ಒಳಗೆ ನುಗ್ಗಿದ ಮೇಲೆ ಅವಳ ಉಸಿರು ಹದಕ್ಕೆ ಬಂತು.

ಜೂನ್ 4, ಬುಧವಾರ. ನವಿಲಿನ ಮಗ್ಗ

ಮೇನ್ ಆಫ್ ಆಯಿತು ಅಂದರೇನು ಎಂದು ಮರುದಿನ ಐನೊ ಕೇಳಿದರು. ಊರಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳು ಬಾಯಿ ತೆರೆದರೆ ಸಾಕು, "ಬಿಡಕ್ಕ, ಆಗಿದ್ದಾಗೋಯ್ತು" ಎಂದು ನಾವೆಲ್ಲ ಮುಚ್ಚಿಸುತ್ತಿದ್ದೆವು.

"ಅವ್ರು ಆಚೆ ಕೊನೇ ಮಗ್ಗದ ಹತ್ರ. ನಾನು ಈಚೆ, ಅವ್ರಿಗೆ ಬೆನ್ ಹಾಕ್ಕೊಂಡು," ಎಂದಳು ದೊಡ್ಡಮ್ಮ. "ಆ ಸದ್ದಲ್ಲಿ ಏನ್ ಕೇಳ್ಸತ್ತೆ? ನೂಲು ತಂದಿದ್ದೋನು ಅವ್ರು ಬಿದ್ದಿದ್ದು ನೋಡಿ ಓಡೋಗಿ ಮೇನ್ ಇಳ್ಸಿಬಿಟ್ಟ. ನಾಕೂ ಮಗ್ಗ ಒಟ್ಗೆ ನಿಂತೋಯ್ತು. ಏನೋ ಆಗೈತೆ ಅಂತ ಗೊತ್ತಾಯ್ತು. ಆದ್ರೂ ತಿರುಗ್ಲಿಲ್ಲ ನಾನು. ತಿರುಗಿದ್ರೆ ನಿಜ ಆಗ್ಬಿಡತ್ತಲ್ಲ ಅಂತ. ಅಲ್ಲೇ ನಿಂತಿದ್ದೆ."

ನಾನು ಅನುವಾದಿಸಿದೆ. ಐನೊ ಉಸಿರು ಒಳಗೆಳೆದು "ಯೋ" ಎಂದರು. ದೊಡ್ಡಮ್ಮನೂ ಹಾಗೇ ಉಸಿರೆಳೆದು "ಯೋ" ಎಂದಳು. ಇಬ್ಬರೂ ನಕ್ಕರು.

ಸರೋವರವನ್ನು ಅಳಿಸಿ, ಮಗ್ಗದ ಮನೆಯನ್ನೇ ಕಟ್ಟೋಣ ಎಂದು ತೀರ್ಮಾನವಾಯಿತು. ಮೇಷ್ಟ್ರ ಮೊದಲ ಪ್ರಯತ್ನ ನೋಡಬೇಕಿತ್ತು! ಕೆತ್ತನೆಯ ಕಂಬಗಳು, ದೀಪದ ಸಾಲು, ಕಿಟಕಿಯಲ್ಲಿ ನವಿಲು. ನಡುವೆ ಒಂದು ಕೈಮಗ್ಗ. ಅದರ ಮುಂದೆ ಮೈತುಂಬ ಒಡವೆ ಹಾಕಿಕೊಂಡ ಸುಂದರಿ.

"ಇದ್ಯಾವ ಸೀರಿಯಲ್ ಮನೆ? ಅಷ್ಟೊಂದು ಬಳೆ ಹಾಕ್ಕೊಂಡು ಯಾವಳೇ ನೇಯ್ತಾಳೆ? ಮೇಷ್ಟ್ರೇ, ನವಿಲು ಓಡ್ಸಿ ಮೊದ್ಲು."

ನವಿಲು ಹೋಯಿತು. ಕಂಬ ಹೋಯಿತು. ದೊಡ್ಡಮ್ಮ ಹೇಳುತ್ತಾ ಹೋದಳು: ಮೇಲೆ ಶೀಟು, ಎರಡು ಟ್ಯೂಬ್‌ಲೈಟು, ಅದರಲ್ಲಿ ಒಂದು ಮಿಣುಕುವುದು; ಗೋಡೆಗೆ ಹಳೇ ವರ್ಷದ ಕ್ಯಾಲೆಂಡರು, ತೊಲೆಗಳ ಮೇಲೆ ನೂಲಿನ ಧೂಳು ಜೇಡರ ಬಲೆಯ ಹಾಗೆ. ನನ್ನ ಫೋನಿನಲ್ಲಿದ್ದ ಫೋಟೋಗಳನ್ನೂ ಕೊಟ್ಟೆ. ಅವಳು ಒಂದೊಂದು ಹೇಳಿದ ಹಾಗೂ ಅದು ಪರದೆಯ ಮೇಲೆ ಮೂಡುತ್ತಿತ್ತು. ನನಗೆ ರೋಮಾಂಚನ! ನಾಲ್ಕು ಸಾವಿರ ಮೈಲಿಗೂ ಹೆಚ್ಚು ದೂರದ, ಮಗ್ಗ ನಿಂತುಹೋದ ಗಿರಣಿಯ ಮೂರನೆಯ ಮಹಡಿಯಲ್ಲಿ ನಮ್ಮ ದೊಡ್ಡಮ್ಮನ ಮಗ್ಗದ ಮನೆ ಎದ್ದು ನಿಲ್ಲುತ್ತಿತ್ತು.

ಸದ್ದು ಮಾತ್ರ ಮೇಷ್ಟ್ರಿಗೆ ಒಲಿಯಲಿಲ್ಲ. ರೈಲಿನ ಹಾಗೆ ಒಂದು ಸಲ, ಹಿಟ್ಟಿನ ಗಿರಣಿಯ ಹಾಗೆ ಇನ್ನೊಂದು ಸಲ. ಕೊನೆಗೆ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಹಿಂದಿನ ಬೀದಿಯ ಮಗ್ಗದ ಮನೆಯೊಂದರ ಬಾಗಿಲಲ್ಲಿ ಫೋನು ಹಿಡಿದು ನಿಂತು ಸದ್ದು ಕಳಿಸಿದಳು. ಐನೊ ಅದನ್ನು ಒಳಗೆ ಸೇರಿಸಿದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಕೇಳಿದಳು, ಭುಜ ಸಡಿಲವಾಯಿತು, ತಲೆ ತಾಳಕ್ಕೆ ತೂಗಿತು. ಇದ್ದಕ್ಕಿದ್ದಂತೆ ಬಾಗಿಲ ಕಡೆ ತಿರುಗಿ ಕೂಗಿದಳು:

"ಏ ನಿಂಗಮ್ಮಾ, ದಂಟಿನ ಸೊಪ್ಪು ಐತಾ?"

ಅಮ್ಮನ ಧ್ವನಿಮುದ್ರಣದಲ್ಲಿ ಸೊಪ್ಪು ಮಾರುವವಳ ಕೂಗೂ ಸೇರಿಬಿಟ್ಟಿತ್ತು. ಅದನ್ನು ತೆಗೆಯಬೇಕೇ ಎಂದು ಐನೊ ಕೇಳಿದರು. ಬೇಡವೇ ಬೇಡ ಎಂದೆವು ಇಬ್ಬರೂ.

ಜೂನ್ 6, ಶುಕ್ರವಾರ. ಕೈ ಮಾತು

ಎರಡು ದಿನದಲ್ಲಿ ದೊಡ್ಡಮ್ಮ ಕನ್ನಡಕದೊಳಗಿನ ಬಾಗಿಲು ದಾಟಿ ತನ್ನ ಮಗ್ಗದವರೆಗೆ ಹೋಗಿ ನಿಲ್ಲುವಷ್ಟಾದಳು. ಆದರೆ ಆಚೆ ಕೊನೆಯ ಮಗ್ಗದ ಕಡೆ ತಿರುಗುತ್ತಿರಲಿಲ್ಲ. ಪ್ರತಿ ಸಲವೂ ಬೆನ್ನು ಹಾಕಿಯೇ ಹೊರಗೆ ಬರುತ್ತಿದ್ದಳು. ಮೇಷ್ಟ್ರು ಮಗ್ಗದ ಸದ್ದನ್ನೂ ಮೀರಿಸಿ ಸಮಾಧಾನ ಹೇಳುತ್ತಿದ್ದರು: "ತಮ್ಮ ಪಾದಗಳು ನೆಲವನ್ನು ಸ್ಪರ್ಶಿಸುತ್ತಿರುವುದನ್ನು ಗಮನಿಸಿ."

ಶುಕ್ರವಾರ ಅವಳ ತಾಳ್ಮೆ ಮುಗಿಯಿತು. "ಮಗ್ಗದ ಮನೇಲಿ ಯಾರಾದ್ರೂ ಮಾತಾಡ್ತಾರೇನ್ರೀ? ಬಾಯ್ ಮುಚ್ಕೊಂಡು ಕೈಯಾಡ್ಸಿ."

ನಾಲ್ಕು ಮಗ್ಗ ಓಡುವಾಗ ಕಿವಿಯ ಹತ್ತಿರ ಕಿರುಚಿದರೂ ಕೇಳದು. ಅದಕ್ಕೇ ನಮ್ಮೂರಿನ ನೇಯುವವರು ಕೈಸನ್ನೆಯಲ್ಲಿ ಮಾತಾಡುತ್ತಾರೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಹೇಳಬೇಕಾದ ಸಂಗತಿಯೆಂದೇ ಹೊಳೆದಿರಲಿಲ್ಲ. ಐನೊಗೆ ವಿವರಿಸಿದಾಗ ಅವರು ಕುರ್ಚಿಯ ತುದಿಗೆ ಬಂದರು. ಅವರ ಅಜ್ಜಿ ಇಂಥದೇ ಗಿರಣಿಯಲ್ಲಿ ದುಡಿದವರಂತೆ; ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ತುಟಿಗಳನ್ನು ಅಗಲಿಸಿ, ಕೈಯಾಡಿಸಿ ಕರೆಯುತ್ತಿದ್ದರಂತೆ. ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕನ್ನಡಕದ ಕ್ಯಾಮೆರಾ ಕೈಬೆರಳುಗಳನ್ನೂ ಗುರುತಿಸುತ್ತದೆ. ಐನೊ ಮೇಷ್ಟ್ರ ದನಿ ನಿಲ್ಲಿಸಿ, ನೋಡಿ ಕಲಿತು ಬರಹದಲ್ಲಿ ಮಾತ್ರ ಹೇಳುವಂತೆ ಮಾಡಿದರು. ಪಾಠ ಶುರುವಾಯಿತು. ಎರಡು ತೋರುಬೆರಳು ಸೇರಿಸಿ ಬಿಡಿಸಿದರೆ ಎಳೆ ತುಂಡಾಗಿದೆ. ಮುಷ್ಟಿ ಹಿಡಿದು ಅಲ್ಲಾಡಿಸಿದರೆ ಲಾಳಿಯೊಳಗಿನ ನೂಲು ಮುಗಿದಿದೆ. ಎದೆ ತಟ್ಟಿಕೊಂಡರೆ ನಾನಿದ್ದೇನೆ, ನೋಡಿಕೊಳ್ಳುತ್ತೇನೆ. ಮಧ್ಯಾಹ್ನದೊಳಗೆ ಒಂಬತ್ತು ಸನ್ನೆ. ಮೇಷ್ಟ್ರು ಒಳ್ಳೆಯ ವಿದ್ಯಾರ್ಥಿ. ಅತಿ ಉತ್ಸಾಹ ಒಂದೇ ದೋಷ. ದೊಡ್ಡಮ್ಮ ಮೂಗು ತುರಿಸಿಕೊಂಡರೆ "ನೂಲು ಮುಗಿದಿದೆ" ಎಂದು ಬರೆದರು.

ಆಮೇಲೆ ಅವರು ಒಂದು ಪ್ರಶ್ನೆ ಬರೆದರು: "ಕೊನೆಯ ಮಗ್ಗದ ಬಳಿ ಯಾರು ನಿಂತಿರಬೇಕು?"

ನಾನು ಐನೊ ಮುಖ ನೋಡಿದೆ. ಫೋಟೋ ಕೊಟ್ಟರೆ ಈ ಯಂತ್ರ ದೊಡ್ಡಪ್ಪನನ್ನೇ ತಂದು ನಿಲ್ಲಿಸಬಲ್ಲದು. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ದೊಡ್ಡಮ್ಮ ಬೇಕೆಂದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು. ಐನೊ ಬಾಯಿ ಬಿಡುವ ಮೊದಲೇ ದೊಡ್ಡಮ್ಮ ಉತ್ತರ ಕೊಟ್ಟಳು.

"ಅವ್ರನ್ನ ನಿಲ್ಸೋಕೆ ನಿಮ್ ಕೈಲಾಗಲ್ಲ ಬಿಡಿ ಮೇಷ್ಟ್ರೇ. ಆ ಮನುಷ್ಯ ಒಂದ್ ಕಡೆ ನಿಂತಿದ್ದೇ ಇಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಮ್ ಚೈತ್ರನ್ನ ಕಳ್ಸಿ. ಕೈ ನೆಟ್ಗೆ ಆಡಿಸ್ತಾಳೋ ಇಲ್ವೋ ನೋಡಣ."

ನನಗೂ ಒಂದು ಕನ್ನಡಕ ಬಂತು. ಕೊನೆಯ ಮಗ್ಗದ ಬಳಿ ಹೋಗಿ ನಿಂತೆ. ಈಚೆ ತುದಿಯಿಂದ ದೊಡ್ಡಮ್ಮ ಮೊದಲು ಓರೆಗಣ್ಣಲ್ಲಿ, ಆಮೇಲೆ ಅರ್ಧ ತಿರುಗಿ ಸನ್ನೆ ಮಾಡಿದಳು. ನಾನು ತಪ್ಪು ಉತ್ತರ ಕೊಟ್ಟೆ. ಅವಳು ಹಣೆ ಚಚ್ಚಿಕೊಂಡಳು. ಅದನ್ನು ಮೇಷ್ಟ್ರು ಹತ್ತನೆಯ ಸನ್ನೆಯೆಂದು ಬರೆದುಕೊಂಡರು.

ಜೂನ್ 7, ಶನಿವಾರ. ಬಿಸಿ ಕೋಣೆ

ರಜೆ. ಐನೊ ತಮ್ಮ ಮನೆಯ ಸೌನಾಕ್ಕೆ ಕರೆದರು. ಮರದ ಕೋಣೆ, ಕಾದ ಕಲ್ಲು, ಅದರ ಮೇಲೆ ನೀರು ಸುರಿದರೆ ಮೈ ಸುಡುವ ಹಬೆ. ಇಲ್ಲಿಯವರು ಏನೂ ಉಡದೆ ಕೂರುತ್ತಾರೆ. ದೊಡ್ಡಮ್ಮ ಒಂದು ಟವೆಲ್ಲಿನ ಮೇಲೆ ಇನ್ನೊಂದು ಸುತ್ತಿಕೊಂಡು, "ನಮ್ ಬಚ್ಚಲ ಮನೆ ಹಂಡೆ ಒಲೆ ಮುಂದೆ ಕೂತಂಗೇ ಐತೆ, ಸೀಗೆಪುಡಿ ಒಂದ್ ಕೊಡಲ್ಲ," ಎಂದಳು. ಯಾರೂ ಮಾತಾಡಲಿಲ್ಲ. ಮೌನಕ್ಕೆ ಅವಳಿಗೆ ಮತ್ತೆ ಹಾಗಾಗುತ್ತದೇನೋ ಎಂದು ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ಸೌಟಿನಿಂದ ನೀರು ಸುರಿದಳು. ಅದು ಚುರ್ ಎಂದಿತು. ಮೌನ ಬಂದಾಗಲೆಲ್ಲ ಇನ್ನೊಂದು ಸೌಟು.

ಲೆಕ್ಕ: ದೊಡ್ಡಮ್ಮ ಸುರಿದ ಸೌಟು, ಇಪ್ಪತ್ತಾರು. ತಾಳಲಾರದೆ ಮೊದಲು ಎದ್ದು ಓಡಿದವರು, ಐನೊ.

ಜೂನ್ 9, ಸೋಮವಾರ. ಮೇನ್ ಸ್ವಿಚ್ಚು

ಕೊನೆಯ ದಿನ. ಗೋಡೆಯ ಮೇಲೆ ಮೇನ್ ಸ್ವಿಚ್ಚು ಸೇರಿಸಿದ್ದೇವೆ ಎಂದರು ಐನೊ. ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಇಳಿಸುವುದು, ಏರಿಸುವುದು, ಎರಡೂ ದೊಡ್ಡಮ್ಮನ ಕೈಯಲ್ಲಿ. ಇಳಿಸಲೇಬೇಕೆಂದೂ ಇಲ್ಲ.

ದೊಡ್ಡಮ್ಮ ಫಿನ್‌ಲೆಂಡಿನವರ ಹಾಗೆ ಉಸಿರನ್ನು ಒಳಗೆಳೆದು "ಯೋ" ಎಂದಳು. ಆಮೇಲೆ ಕನ್ನಡಕಕ್ಕೆ ಕೈ ಚಾಚಿದಳು.

ನಾನು ಆಚೆ ತುದಿಯಲ್ಲಿ ನಿಂತೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಸೊಪ್ಪಿನವಳು ಒಮ್ಮೆ ಕೂಗಿ ಹೋದಳು. ದೊಡ್ಡಮ್ಮ ನನಗೆ ಬೆನ್ನು ಮಾಡಿ ಗೋಡೆಯ ಬಳಿಗೆ ಹೋಗಿ ಹಿಡಿಯ ಮೇಲೆ ಕೈಯಿಟ್ಟಳು. ಇಟ್ಟ ಕೈ ಅಲ್ಲೇ ಇತ್ತು. ಒಮ್ಮೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಮತ್ತೆ ಇಟ್ಟಳು. ಇಳಿಸಿದಳು.

ಸದ್ದು ಪೂರ್ತಿ ನಿಂತಿತು. ಕನ್ನಡಕದೊಳಗೆ ನನ್ನ ರಕ್ತ ಹರಿಯುವುದೂ ನನಗೆ ಕೇಳುತ್ತಿತ್ತು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಭುಜ ಏರುತ್ತಿತ್ತು, ಇಳಿಯುತ್ತಿತ್ತು. "ದೊಡ್ಡಮ್ಮ" ಎಂದು ಕೂಗಬೇಕೆನಿಸಿತು. ಮಗ್ಗದ ಮನೆಯಲ್ಲಿ ಮಾತಾಡಬಾರದು. ಮೇಷ್ಟ್ರು ಕೂಡ ಏನೂ ಬರೆಯಲಿಲ್ಲ.

ಅವಳು ತಿರುಗಿದಳು. ಮೊದಲು ತಲೆ, ಆಮೇಲೆ ಭುಜ, ಆಮೇಲೆ ಇಡೀ ಮೈ. ಕೊನೆಯ ಮಗ್ಗವನ್ನು, ಅದರ ಬುಡದ ನೆಲವನ್ನು ನೋಡಿದಳು. ಕೊನೆಗೆ ನನ್ನನ್ನು. ನಾನು ಎದೆ ತಟ್ಟಿಕೊಂಡೆ.

ಅವಳು ಅಲ್ಲೇ ನಿಂತು ಅತ್ತಳು. ಸ್ವಿಚ್ಚು ಏರಿಸಲಿಲ್ಲ. ಅಳು ನಿಂತ ಮೇಲೂ ಆ ನಿಶ್ಶಬ್ದದಲ್ಲಿ ಕತ್ತೆತ್ತಿ ಶೀಟಿನ ಮೂಲೆಯನ್ನು ಹುಡುಕಿದಳು.

"ಇಲ್ಲೊಂದು ಗುಬ್ಬಿ ಗೂಡಿತ್ತು ಕಣೇ. ಮಗ್ಗ ನಿಂತಾಗ್ಲೇ ಅದು ಕೇಳ್ಸೋದು."

"ಸೇರಿಸಲೇ?" ಎಂದು ಮೇಷ್ಟ್ರು ಬರೆದರು.

"ಬೇಡಪ್ಪ," ಎಂದಳು. "ಮನೇಲೈತಲ್ಲ, ಹೋಗಿ ಕೇಳ್ತೀನಿ."

ಆಮೇಲೆ ತಾನೇ ಸ್ವಿಚ್ಚು ಏರಿಸಿದಳು. ನನಗೆ ಕುಣಿಯಬೇಕೆನಿಸಿತು, ಕುಣಿದೇಬಿಟ್ಟೆ. ಕನ್ನಡಕ ಹಾಕಿಕೊಂಡೇ ಕುಣಿದದ್ದರಿಂದ ಐನೊ ಅವರ ಕಾಫಿ ಲೋಟಕ್ಕೆ ಕೈ ತಾಗಿ ಅದು ನೆಲಕ್ಕೆ ಬಿತ್ತು. ಈ ಪ್ರಯಾಣದ ಒಟ್ಟು ನಷ್ಟ ಅದೊಂದೇ.

ಜೂನ್ 15, ಭಾನುವಾರ. ದೊಡ್ಡಬಳ್ಳಾಪುರ

ಅಲ್ಲಿ ಮಾಡಿದ್ದು ಇಲ್ಲಿ ಬರುತ್ತದೆಯೇ? ಮರಳುವ ವಿಮಾನದಲ್ಲೆಲ್ಲ ನನಗೆ ಅದೇ ಯೋಚನೆ. ಕನ್ನಡಕದಲ್ಲಿ ಎಣ್ಣೆಯ ವಾಸನೆ ಇರಲಿಲ್ಲ. ಬೀಗ ತೆಗೆದೊಡನೆ ಇಲ್ಲಿ ಅದೇ ಮೊದಲು ಮುಖಕ್ಕೆ ಹೊಡೆಯಿತು. ದೊಡ್ಡಮ್ಮ ಹೊಸ್ತಿಲಲ್ಲಿ ನಿಂತಳು. ಟಾಂಪೆರೆಯಲ್ಲಿ ನಿಂತದ್ದಕ್ಕಿಂತ ಬಹಳ ಹೆಚ್ಚು ಹೊತ್ತು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ನಾನು ಅವಳನ್ನು ದಾಟಿ ಹೋಗಿ ಕೊನೆಯ ಮಗ್ಗದ ಬಳಿ ನಿಂತೆ. ಅವಳು ಒಳಗೆ ಬಂದಳು.

ಇದು ನಡೆದದ್ದು ಶನಿವಾರ. ಸಂಜೆಯವರೆಗೆ ಧೂಳು ಹೊಡೆದು, ಎಣ್ಣೆ ಹಾಕಿದೆವು. ಎರಡು ಮಗ್ಗಗಳ ಮೇಲೆ ಕಾರ್ತಿಕದ ಆ ದಿನದ ಹಾಸು, ನೇಯಲು ಉದ್ದಕ್ಕೆ ಎಳೆದು ಕಟ್ಟಿದ್ದ ನೂಲು, ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಮಗ್ಗ ಕೊಳ್ಳುವ ರಹಮತ್ ಸಾಬರು ಬಂದರು. ಅವರದೂ ನೇಯುವ ಮನೆ. ಅಷ್ಟು ಹೊತ್ತಿಗೆ ಎರಡು ಮಗ್ಗ ಓಡುತ್ತಿದ್ದವು. ಬಾಗಿಲಲ್ಲಿ ನಿಂತು ಏನೋ ಕೂಗಿದರು, ಕೇಳಲಿಲ್ಲ. ದೊಡ್ಡಮ್ಮ ಮಗ್ಗ ನಿಲ್ಲಿಸಲಿಲ್ಲ. ಅವರು ನಾಲ್ಕೂ ಮಗ್ಗಗಳ ಕಡೆ ಕೈ ತೋರಿಸಿ ಮಣಿಕಟ್ಟು ತಿರುಗಿಸಿದರು: ಏನು ಮಾಡೋಣ? ದೊಡ್ಡಮ್ಮ ಅಂಗೈಯನ್ನು ಅಡ್ಡಡ್ಡ ಆಡಿಸಿದಳು. ಕೊಡೋದಿಲ್ಲ.

ಸಾಬರು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಬೇಸರಪಟ್ಟಂತೆ ಕಾಣಲಿಲ್ಲ. ಅವರ ಕಣ್ಣು ಎರಡನೆಯ ಮಗ್ಗದ ಮೇಲೆ ಹೋಯಿತು. ತೋರುಬೆರಳುಗಳನ್ನು ಸೇರಿಸಿ ಬಿಡಿಸಿದರು. ಎಳೆ ತುಂಡಾಗಿತ್ತು, ನಾವಿಬ್ಬರೂ ನೋಡಿರಲಿಲ್ಲ. ದೊಡ್ಡಮ್ಮ ಓಡಿಹೋಗಿ ಆ ಮಗ್ಗ ನಿಲ್ಲಿಸಿ, ಎಳೆ ಹುಡುಕಿ ಗಂಟು ಹಾಕಿ, ಮತ್ತೆ ಬಿಟ್ಟಳು. ತಲೆಯೆತ್ತುವಾಗ ಸಾಬರು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು.

ಅವಳು ಈಚೆಯಿಂದ ನನಗೆ ಒಂದು ಸನ್ನೆ ಮಾಡಿದಳು. ಹೆಬ್ಬೆರಳು ಬಾಯಿಗೆ, ಕೈ ಬಾಗಿಲಿಗೆ, ಜೊತೆಗೆ ಹುಬ್ಬು ಗಂಟು. ಇದನ್ನು ಟಾಂಪೆರೆಯಲ್ಲಿ ನನಗೂ ಕಲಿಸಿರಲಿಲ್ಲ, ಮೇಷ್ಟ್ರಿಗೂ ಕಲಿಸಿರಲಿಲ್ಲ. ಆದರೂ ಗೊತ್ತಾಯಿತು. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುತ್ತೀಯೇನೇ, ಓಡು!

ನಾನು ಗೇಟಿನ ಕಡೆ ಓಡಿದೆ.